ಮರುಕ ಬೇಡ, ಹೊಣೆಯಲ್ಲಿ ಪಾಲು ಬೇಕು

ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆಯೇ ಎಂದು ಈಗಲೂ ಅನೇಕರು ಆಶ್ಚರ್ಯದಿಂದ ಕೇಳುತ್ತಾರೆ. ಬರುತ್ತದೆ. ಆದರೆ ಅದು ಮನೆಯ ಹಿರಿಯರಿಗೆ ಬರುವಂಥದ್ದಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಇದಕ್ಕೆ ಟೈಪ್ 1 ಮಧುಮೇಹ ಎನ್ನುತ್ತಾರೆ. ಇದು ಸಿಹಿ ತಿಂದು ಬಂದದ್ದಲ್ಲ, ತಂದೆತಾಯಿಯ ತಪ್ಪಿನಿಂದ ಬಂದದ್ದೂ ಅಲ್ಲ. ಪಥ್ಯ, ಕಷಾಯಗಳಿಂದ ಹೋಗುವುದಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು. ಅದಕ್ಕೂ ಮೊದಲು ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಇಂದು ಇನ್ಸುಲಿನ್ ತಪ್ಪದೆ ಸಿಕ್ಕರೆ ಅವರು ಎಲ್ಲರಂತೆ ಆಡಿ, ಓದಿ ಬೆಳೆಯುತ್ತಾರೆ. ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ.

ನನ್ನ ಮಗಳಿಗೆ ಏಳನೆಯ ವಯಸ್ಸಿನಲ್ಲಿ ಈ ಕಾಯಿಲೆ ಬಂತು. ಈಗ ಅವಳಿಗೆ ಹನ್ನೊಂದು. ದಿನಕ್ಕೆ ನಾಲ್ಕು ಇಂಜೆಕ್ಷನ್ ಎಂದರೆ ವರ್ಷಕ್ಕೆ 1,460. ಬೆರಳು ಚುಚ್ಚಿ ರಕ್ತ ಪರೀಕ್ಷೆ ಮಾಡುವುದು ಬೇರೆ. ರೊಟ್ಟಿ ಎಷ್ಟು, ಅನ್ನ ಎಷ್ಟು, ಆಟ ಎಷ್ಟು ಎಂದು ಲೆಕ್ಕ ಹಾಕಿ ಔಷಧಿಯ ಪ್ರಮಾಣ ನಿರ್ಧರಿಸಬೇಕು. ಸಕ್ಕರೆ ಪ್ರಮಾಣ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ. ಇನ್ನೂ ಇಳಿದರೆ ಪ್ರಜ್ಞೆಯೇ ತಪ್ಪಬಹುದು. ನಿದ್ದೆಯಲ್ಲಿರುವ ಮಗುವಿಗೆ ಅದು ತಿಳಿಯದೆಯೂ ಹೋಗಬಹುದು. ಅದಕ್ಕೇ ನಡುರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಏಳುತ್ತೇನೆ.

ಸೂಜಿಗೆ ಮಗು ಒಗ್ಗಿಕೊಳ್ಳುತ್ತದೆ. ಹೆತ್ತವರ ಭಯ ಮಾತ್ರ ಹಳೆಯದಾಗುವುದಿಲ್ಲ. ಶಾಲೆಯಿಂದ ಬಂದ ಮಗಳನ್ನು ‘ಇವತ್ತು ಏನು ಕಲಿತೆ’ ಎಂದು ಕೇಳುವ ಮೊದಲು ‘ಶುಗರ್ ಎಷ್ಟಿತ್ತು’ ಎಂದು ಕೇಳುವಂತಾಗುತ್ತದೆ. ಮೀಟರಿನ ಅಂಕಿ ಏರಿದರೆ ತಾಯಿಗೆ ತಾನೇ ಅಪರಾಧಿ ಎನಿಸುತ್ತದೆ. ಇಷ್ಟರ ನಡುವೆ ಔಷಧಿಯ ಖರ್ಚಿನ ಚಿಂತೆಯಲ್ಲಿ ತಂದೆ ಮೌನಕ್ಕೆ ಜಾರುತ್ತಾನೆ. ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಕೊರಗುತ್ತಾರೆ.

ಇದರ ಮೇಲೆ ನಮ್ಮವರ ಮಾತುಗಳು. ‘ನಿಮ್ಮ ತವರಿನಲ್ಲಿ ಯಾರಿಗಾದರೂ ಇತ್ತೇನು?’ ‘ಇನ್ಸುಲಿನ್ ಹಚ್ಚಿದರೆ ಚಟವಾಗುತ್ತದೆ, ನಾಟಿ ಔಷಧಿ ನೋಡಿ.’ ‘ಹೆಣ್ಣುಮಗಳು, ಹೊರಗೆ ಹೇಳಬೇಡಿ, ಮುಂದೆ ಮದುವೆ ಹೇಗೆ?’ ಕರ್ಮದ ಹೆಸರಿನಲ್ಲಿ ಮನುಷ್ಯರನ್ನು ಹಳಿಯುವುದನ್ನು ಪ್ರಶ್ನಿಸಿದ ಪರಂಪರೆ ನಮ್ಮದೆಂದು ವೇದಿಕೆಯ ಮೇಲೆ ಹೇಳುತ್ತೇವೆ. ಅದೇ ನಾವು ಮಗುವಿನ ಹಾಸಿಗೆಯ ಪಕ್ಕ ನಿಂತು ‘ಯಾವ ಜನ್ಮದ ಪಾಪವೋ’ ಎನ್ನುತ್ತೇವೆ. ಆಡಿದವರು ಮರೆಯುತ್ತಾರೆ, ಆ ತಾಯಿ ಮರೆಯುವುದಿಲ್ಲ. ಇನ್ನು ಮುಚ್ಚಿಡುವುದಂತೂ ಬಹಳ ಅಪಾಯ. ಯಾರಿಗೂ ಗೊತ್ತಿಲ್ಲದ ಮೇಲೆ ಮಗು ಶಾಲೆಯಲ್ಲಿ ತಲೆಸುತ್ತಿ ಬಿದ್ದರೆ ಯಾರು ಏನು ಮಾಡಬೇಕು?

‘ತಾಯಿಯಷ್ಟು ಚೆನ್ನಾಗಿ ಬೇರೆ ಯಾರು ನೋಡಿಕೊಂಡಾರು’ ಎಂದು ಕೆಲವರು ಹೇಳುತ್ತಾರೆ. ತ್ಯಾಗಮಯಿ ಎಂದು ಹೊಗಳುತ್ತಾರೆ. ಹೊಗಳಿಕೆಯಿಂದ ನಿದ್ದೆ ಬರುವುದಿಲ್ಲ. ವರ್ಷಗಟ್ಟಲೆ ರಜೆಯಿಲ್ಲದೆ ದಣಿದ ಕೈ ಔಷಧಿಯ ಅಳತೆಯಲ್ಲಿ ತಪ್ಪಬಹುದು. ಹೆತ್ತವರ ಮನಸ್ಸು ಕಾಯುವುದು ಮಗುವಿನ ಚಿಕಿತ್ಸೆಯ ಭಾಗವೇ ಆಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಏನು ಮಾಡಬೇಕು? ಮೊದಲು ತಂದೆ ಸೂಜಿ ಹಿಡಿಯಲಿ. ಆಮೇಲೆ ಅಜ್ಜಿ, ಚಿಕ್ಕಪ್ಪ, ಸೋದರತ್ತೆ ಇವರಲ್ಲಿ ಒಬ್ಬರಾದರೂ ಮೀಟರ್ ನೋಡುವುದನ್ನು, ಇಂಜೆಕ್ಷನ್ ಕೊಡುವುದನ್ನು ವೈದ್ಯರಿಂದ ಕಲಿಯಲಿ. ಏಳು ವರ್ಷದ ಮಗು ಸಹಿಸಿಕೊಳ್ಳುವುದನ್ನು ದೊಡ್ಡವರು ಕಲಿಯಲಾಗದೇ?

ಶಿಕ್ಷಕರು ತಿಳಿಯಬೇಕಾದದ್ದೂ ಬಹಳವಿಲ್ಲ. ಮಗು ತರಗತಿಯಲ್ಲಿ ತಿಂಡಿ ತಿಂದರೆ, ನೀರಿಗೆ, ಶೌಚಕ್ಕೆ ಎದ್ದರೆ ಗದರಬಾರದು. ನಡುಗುತ್ತಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಕೇಂದ್ರೀಯ ಪರೀಕ್ಷಾ ಮಂಡಳಿ ಸಿಬಿಎಸ್‌ಇ 2017ರಲ್ಲೇ ಇಂಥ ಮಕ್ಕಳು ಬೋರ್ಡ್ ಪರೀಕ್ಷೆಗೆ ತಿಂಡಿ, ಹಣ್ಣು, ನೀರು ಒಯ್ಯಲು ಅನುಮತಿ ನೀಡಿತು. ಆ ತಿಳಿವಳಿಕೆ ನಮ್ಮೂರ ತರಗತಿಗಳಿಗೂ ಬರಲಿ.

ಮಠಗಳ ಪ್ರಸಾದ ನಿಲಯಗಳಿಗೆ ನನ್ನದೊಂದು ವಿಶೇಷ ವಿನಂತಿ. ಇನ್ಸುಲಿನ್ ಇಡಲು ಫ್ರಿಜ್ಜಿನಲ್ಲಿ ಒಂದು ಮೂಲೆ, ತರಬೇತಿ ಪಡೆದ ಒಬ್ಬ ಮೇಲ್ವಿಚಾರಕ, ಊಟದಲ್ಲಿ ಸ್ವಲ್ಪ ಸಡಿಲಿಕೆ, ಇಷ್ಟಿದ್ದರೆ ಸಾಕು. ಇನ್ಸುಲಿನ್ ತೆಗೆದುಕೊಂಡ ಮಗು ಸಾಮೂಹಿಕ ಪ್ರಾರ್ಥನೆ ಮುಗಿಯುವವರೆಗೆ ಹಸಿದು ಕೂರಲಾಗದು. ಅದಕ್ಕೆ ಮೊದಲೇ ಪ್ರಸಾದ ಬಡಿಸುವುದು ಶಿಸ್ತಿನ ಭಂಗವಲ್ಲ, ಅದೇ ನಿಜವಾದ ದಾಸೋಹ. ಈ ಕಾಯಿಲೆಯ ಕಾರಣಕ್ಕೆ ಯಾವ ನಿಲಯವೂ ಮಗುವನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸದಿರಲಿ.

ನಿಮ್ಮ ಬಂಧುಬಳಗದಲ್ಲಿ ಇಂಥ ಮಗುವಿದ್ದರೆ ‘ಅಯ್ಯೋ ಪಾಪ’ ಎನ್ನಬೇಡಿ. ‘ಇವತ್ತು ರಾತ್ರಿ ಎರಡು ಗಂಟೆಗೆ ನಾನು ಎದ್ದು ನೋಡುತ್ತೇನೆ, ಹೇಗೆಂದು ತೋರಿಸಿಕೊಡು, ನೀನು ಮಲಗು’ ಎನ್ನಿ. ಆ ಮನೆಗೆ ನೀವು ಕೊಡಬಹುದಾದ ದೊಡ್ಡ ಉಪಕಾರ ಅದೇ.