ಗೋಡೆ ಉಳಿಯಿತು, ರಂಗ ಎಲ್ಲಿ?

ಬೆಂಗಳೂರಿನ ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆಗಳು ಕೂಡುವಲ್ಲಿ ಆಪೆರಾ ಹೌಸ್ ಇದೆ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಸಂಗೀತ ನಾಟಕಗಳು ನಡೆಯುತ್ತಿದ್ದುವು. ಆಮೇಲೆ ಅದು ಸಿನಿಮಾ ಮಂದಿರವಾಯಿತು. ಕಡೆಗೆ ವರ್ಷಾನುಗಟ್ಟಲೆ ಬೀಗ ಬಿದ್ದು ಹಾಳು ಸುರಿಯಿತು. 2018ರ ಸೆಪ್ಟೆಂಬರಿನಲ್ಲಿ ಸ್ಯಾಮ್‌ಸಂಗ್ ಕಂಪನಿ ಅದನ್ನು ದುರಸ್ತಿ ಮಾಡಿಸಿ, ಸುಮಾರು 33,000 ಚದರ ಅಡಿಯ ತನ್ನ ಸರಕಿನ ಪ್ರದರ್ಶನ ಕೇಂದ್ರವಾಗಿ ತೆರೆಯಿತು. ಪಾಳುಬಿದ್ದಿದ್ದ ಕಟ್ಟಡ ಉಳಿಯಿತೆಂಬುದು ಸಂತೋಷವೇ. ಆದರೆ ನಾಟಕದ ಮನೆ ಅಂಗಡಿಯಾಯಿತು. ಅಲ್ಲಿ ಹಾಡು-ಕುಣಿತ ನಡೆದರೂ ಅದು ಕಂಪನಿಯ ಕೃಪೆ, ಜನರ ಹಕ್ಕಲ್ಲ.

ಬೇರೆ ದಾರಿ ಇರಲಿಲ್ಲವೆ? ಮುಂಬಯಿಯ ರಾಯಲ್ ಆಪೆರಾ ಹೌಸ್ 1993ರಲ್ಲಿ ಮುಚ್ಚಿತು. ಜೀರ್ಣೋದ್ಧಾರಗೊಂಡು 2016ರಲ್ಲಿ ರಂಗಮಂದಿರವಾಗಿಯೇ ತೆರೆಯಿತು. ಅದರ ಒಡೆಯರು ಗೊಂಡಲ್‌ನ ರಾಜಮನೆತನದವರು. ರಾಜಮನೆತನಕ್ಕೆ ಸಾಧ್ಯವಾದದ್ದು ಪ್ರಜಾಸರ್ಕಾರಕ್ಕೆ ಅಸಾಧ್ಯವೆ?

ರಾಜಗೋಪಾಲನಗರದ ನಮಗೆ ಇದರಿಂದೇನು ಎನ್ನಬೇಡಿ. ಪೀಣ್ಯದಲ್ಲಿ ಪಾಳಿ ಮುಗಿಸಿದವನಿಗೂ, ರಾತ್ರಿ ಅಂಗಡಿ ಮುಚ್ಚಿದವನಿಗೂ ಅನ್ನದಷ್ಟೇ ನಾಟಕವೂ ಬೇಕು. ಹಳೆಯ ರಂಗಮಂದಿರ ಯಾರ ಕೈಗೆ ಹೋದರೂ, ತಿಂಗಳಿಗೆ ನಾಲ್ಕು ಸಂಜೆಯಾದರೂ ಅದನ್ನು ಅಗ್ಗದ ದರದಲ್ಲಿ ನಾಟಕಕ್ಕೆ ಬಿಡಬೇಕೆಂದು ಸರ್ಕಾರ ಷರತ್ತು ಹಾಕಲಿ. ಗೋಡೆ ಉಳಿದರೆ ಸಾಲದು. ಅದನ್ನು ಕಟ್ಟಿದ ಉದ್ದೇಶವೂ ಉಳಿಯಬೇಕು.