ಅಂಕಿಗಳ ಕಡತವೂ ಯಂತ್ರದ ಊಹೆಯೂ

ಸರಳ ಪಠ್ಯದ ಕಡತವೆಂದರೆ ಅಕ್ಷರಗಳ ಸಾಲೇ ಹೊರತು ಮತ್ತೇನೂ ಅಲ್ಲ. ಒಂದು ದಾಖಲೆಗೆ ಒಂದು ಸಾಲು. ಸಾಲಿನೊಳಗಣ ಬಾಬುಗಳ ನಡುವೆ ಒಂದೊಂದು ಅಲ್ಪವಿರಾಮ. ಇದನ್ನೇ ಸಿ.ಎಸ್.ವಿ. ಕಡತವೆನ್ನುವರು. ಪ್ರಯೋಗಶಾಲೆಯ ಉಪಕರಣಗಳೂ ಬ್ಯಾಂಕುಗಳೂ ತಮ್ಮ ಅಂಕಿಗಳನ್ನು ಈ ರೂಪದಲ್ಲಿ ಕೊಡುವುದು ವಾಡಿಕೆ. ಆದರೆ ಈ ಸರಳತೆಯಲ್ಲಿಯೇ ಒಂದು ಕೊರತೆಯೂ ಅಡಗಿದೆ. ಯಾವ ಬಾಬು ಸಂಖ್ಯೆ, ಯಾವುದು ತಾರೀಖು, ಯಾವುದು ಬರಿಯ ಹೆಸರು ಎಂಬುದನ್ನು ಕಡತವು ತಿಳಿಸುವುದಿಲ್ಲ. ಅದನ್ನು ಎಕ್ಸೆಲ್‌ನಂತಹ ಸ್ಪ್ರೆಡ್‌ಶೀಟ್ ತಂತ್ರಾಂಶದೊಳಕ್ಕೆ ತರುವಾಗ ಯಾರಾದರೂ ಆ ತೀರ್ಮಾನವನ್ನು ಮಾಡಲೇಬೇಕು. ನಾವು ಮಾಡದಿದ್ದಲ್ಲಿ ಯಂತ್ರವೇ ಊಹಿಸಿಬಿಡುತ್ತದೆ. ಹೀಗೆ ನಮ್ಮನ್ನು ಕೇಳದೆ ಊಹಿಸುವ ಅಧಿಕಾರವನ್ನು ಅದಕ್ಕೆ ಕೊಡಬಾರದೆಂಬುದು ನಮ್ಮ ಅಭಿಪ್ರಾಯ.

ಸಣ್ಣ ನಿದರ್ಶನಗಳನ್ನು ಮೊದಲು ನೋಡೋಣ. ಬೆಂಗಳೂರಿನ ದೂರವಾಣಿ ಸಂಕೇತವಾದ 080 ಎಂಬುದನ್ನು ಯಂತ್ರವು ಸಂಖ್ಯೆಯೆಂದು ಬಗೆದು 80 ಎಂದು ಬರೆದುಕೊಳ್ಳುತ್ತದೆ. 16 ಅಂಕಿಗಳ ಬ್ಯಾಂಕ್ ಕಾರ್ಡಿನ ಸಂಖ್ಯೆಯಲ್ಲಿ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಎಕ್ಸೆಲ್ ನಿಖರವಾಗಿ ಇರಿಸಿಕೊಳ್ಳುವುದು 15 ಅಂಕಿಗಳನ್ನು ಮಾತ್ರ. ಕನ್ನಡದ ಹೆಸರುಗಳ ಪಟ್ಟಿಯಾದರಂತೂ ಕೆಲವು ವೇಳೆ ಗುರುತೇ ಸಿಕ್ಕದು. ಯು.ಟಿ.ಎಫ್-8 ಲಿಪಿಸಂಕೇತದಲ್ಲಿ ‘ಕ’ ಎಂಬ ಒಂದು ಅಕ್ಷರಕ್ಕೆ ಮೂರು ಬೈಟುಗಳು. ಯಂತ್ರವು ಬೈಟಿಗೊಂದು ಅಕ್ಷರವೆಂದು ಎಣಿಸಿತೆಂದರೆ ನಮ್ಮ ಒಂದು ಅಕ್ಷರದ ಸ್ಥಳದಲ್ಲಿ ಮೂರು ವಿಚಿತ್ರ ಚಿಹ್ನೆಗಳು ನಿಲ್ಲುತ್ತವೆ. ಇದೊಂದು ವಿಧದಲ್ಲಿ ಒಳ್ಳೆಯದೇ: ಕೆಟ್ಟಿರುವುದು ಕಣ್ಣಿಗೆ ಬೀಳುತ್ತದೆ.

ಕಣ್ಣಿಗೆ ಬೀಳದ ತಪ್ಪು ಎಷ್ಟು ದೂರ ಹೋಗಬಲ್ಲುದೆಂಬುದನ್ನು ಜೀವವಿಜ್ಞಾನದಿಂದ ಅರಿಯಬಹುದು. ಯೀಸ್ಟ್ ಕೋಶವು ಎರಡಾಗುವಾಗ ನಡುವೆ ಏಳುವ ಅಡ್ಡಗೋಡೆಗೆ ಸಂಬಂಧಪಟ್ಟ ಕೆಲವು ಪ್ರೋಟೀನುಗಳಿಗೆ ಸೆಪ್ಟಿನ್ ಎಂದು ಹೆಸರು. ಮನುಷ್ಯನಲ್ಲಿಯೂ ಇರುವ ಇವುಗಳ ವಂಶವಾಹಿಗಳನ್ನು ಸೆಪ್ಟ್1, ಸೆಪ್ಟ್2 ಎಂದು ಬರೆಯುತ್ತಿದ್ದರು. ಎಕ್ಸೆಲ್ ಇದನ್ನು ಸೆಪ್ಟೆಂಬರ್ 2 ಎಂದು ಓದಿತು! ಓದಿದ್ದಷ್ಟೇ ಅಲ್ಲ, ಮೂಲದ ಅಕ್ಷರಗಳನ್ನು ಬಿಟ್ಟು, ತಾರೀಖನ್ನು ಸೂಚಿಸುವ ಸಂಖ್ಯೆಯನ್ನು ಇರಿಸಿಕೊಂಡಿತು. 2020ರಲ್ಲಿ ಕಡತವನ್ನು ತೆರೆದಿದ್ದರೆ ಆ ಸಂಖ್ಯೆ 44076. ಮಾರ್ಕ್1, ಮಾರ್ಚ್1 ಎಂಬ ಎರಡು ಬೇರೆ ಬೇರೆ ವಂಶವಾಹಿಗಳು ಮಾರ್ಚ್ ತಿಂಗಳ ಮೊದಲ ದಿನವೆಂಬ ಒಂದೇ ತಾರೀಖಾದುವು. ಮೂಲ ಕಡತವಿಲ್ಲದಿದ್ದರೆ ಅವನ್ನು ಮರಳಿ ಬೇರ್ಪಡಿಸುವ ಬಗೆಯೆಂತು?

ಈ ಅಪಾಯವನ್ನು 2004ರಲ್ಲಿಯೇ ವಿಜ್ಞಾನಿಗಳು ಪ್ರಕಟಿಸಿದ್ದರು. ಆದರೂ 2016ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ವಂಶವಾಹಿಗಳ ಎಕ್ಸೆಲ್ ಪಟ್ಟಿಗಳಿದ್ದ 3,597 ಪ್ರಬಂಧಗಳನ್ನು ಪರೀಕ್ಷಿಸಲಾಗಿ, 704ರಲ್ಲಿ ಇಂತಹ ತಪ್ಪುಗಳು ದೊರೆತುವು. ಐದರಲ್ಲಿ ಒಂದು! ಕೊನೆಗೆ ಮಾನವ ವಂಶವಾಹಿಗಳ ನಾಮಕರಣ ಸಮಿತಿಯೇ ಸೋತು, ಸೆಪ್ಟ್1ನ್ನು ಸೆಪ್ಟಿನ್1 ಎಂದು ಬದಲಿಸಿತು. 2020ರ ಹೊತ್ತಿಗೆ ಹೀಗೆ ಸುಮಾರು 27 ಹೆಸರುಗಳು ಬದಲಾದುವು. ಸಮಿತಿಯನ್ನು ನಾವು ದೂರುವುದಿಲ್ಲ. ಬೇರೆ ದಾರಿ ಅದಕ್ಕಿರಲಿಲ್ಲ. ಆದರೆ ಒಂದು ಲೆಕ್ಕದ ಹಾಳೆಗಾಗಿ ವಿಜ್ಞಾನವು ತನ್ನ ಪದಗಳನ್ನು ತಿದ್ದಿಕೊಂಡಿತೆಂಬುದು ಕೊಡಲಿಯ ಕಾವಿಗೆ ತಕ್ಕಂತೆ ಕೈಯನ್ನು ಕೆತ್ತಿದ ಹಾಗಾಯಿತು.

ಯಂತ್ರದ ಮೌನವು ಪ್ರಾಣಕ್ಕೆ ಸಂಬಂಧಪಟ್ಟ ವಿಷಯದಲ್ಲಿಯೂ ಕಾಡಿದುದುಂಟು. 2020ರ ಕೋವಿಡ್ ಕಾಲದಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಗಳ ವರದಿಗಳು ಸಿ.ಎಸ್.ವಿ. ಕಡತಗಳಾಗಿ ಬರುತ್ತಿದ್ದುವು. ಅವನ್ನು ತುಂಬಿದ್ದು ಎಕ್ಸೆಲ್‌ನ ಹಳೆಯ ನಮೂನೆಯ ಹಾಳೆಗಳಿಗೆ. ಅಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸವು. ಮಿಕ್ಕವು ಬಿಟ್ಟುಹೋದುವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಸೋಂಕಿತರು ಲೆಕ್ಕದಿಂದ ಹೊರಗುಳಿದರು. ಅವರೊಡನೆ ಬೆರೆತವರನ್ನು ಹುಡುಕುವ ಕಾರ್ಯವೂ ಅಷ್ಟು ತಡವಾಯಿತು.

ಊಹೆಯು ಒಂದು ಅನುಕೂಲವಲ್ಲವೇ ಎಂದು ಕೇಳಬಹುದು. ಅಂಗಡಿಯ ಲೆಕ್ಕ ಬರೆಯುವವನು ತಾರೀಖನ್ನು ಬೆರಳಚ್ಚಿಸಿದೊಡನೆ ಅದು ತಾರೀಖಾಗುವುದು ಸೊಗಸೇ ಸರಿ. ಅವನ ದೃಷ್ಟಿ ಆ ಒಂದೇ ಚೌಕದ ಮೇಲಿರುತ್ತದೆ; ತಪ್ಪಿದ್ದರೆ ಒಡನೆ ತಿದ್ದುತ್ತಾನೆ. ಇಪ್ಪತ್ತು ಸಾವಿರ ಸಾಲುಗಳು ಒಮ್ಮೆಗೇ ಒಳನುಗ್ಗುವಾಗ ನೋಡುವವರಾರು? ಬೆರಳಚ್ಚಿಗೆ ಒಪ್ಪುವ ನಿಯಮವನ್ನು ಕಡತದ ಆಮದಿಗೂ ಅನ್ವಯಿಸಿದುದೇ ಮೂಲ ದೋಷ. ಕೇಳಿಕೊಂಡು ನಡೆಯುವುದು ಅಸಾಧ್ಯವೇನಲ್ಲ: ಲಿಬ್ರೆಆಫೀಸ್ ಕ್ಯಾಲ್ಕ್ ಇಂತಹ ಕಡತವನ್ನು ತೆರೆಯುವ ಮುನ್ನ ಪ್ರತಿಯೊಂದು ಸ್ತಂಭದ ಬಗೆಯನ್ನು ಗೊತ್ತುಮಾಡಲು ಅವಕಾಶ ಕೊಡುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯು ಈ ತಾನಾಗಿ ಬದಲಿಸುವ ಚಾಳಿಯನ್ನು ನಿಲ್ಲಿಸುವ ಸೌಕರ್ಯವನ್ನು 2023ರಲ್ಲಿ ಎಕ್ಸೆಲ್‌ಗೆ ಸೇರಿಸಿತು. ಆದರೆ ನಾವಾಗಿ ನಿಲ್ಲಿಸದ ಹೊರತು ಅದು ನಡೆದೇ ಇರುತ್ತದೆ.

ಆದುದರಿಂದ ಎಕ್ಸೆಲ್ ಬಳಸುವ ವಿದ್ಯಾರ್ಥಿಗಳು ಕಡತದ ಮೇಲೆ ಎರಡು ಸಲ ಒತ್ತಿ ತೆರೆಯದೆ, ಡೇಟಾ ಪಟ್ಟಿಯಲ್ಲಿರುವ ಆಮದಿನ ದಾರಿಯನ್ನೇ ಹಿಡಿಯತಕ್ಕದ್ದು. ಅಲ್ಲಿಯೂ ಯಂತ್ರವು ಮೊದಲ 200 ಸಾಲುಗಳನ್ನು ಕಂಡು ಉಳಿದುದನ್ನು ಊಹಿಸಲೆಳಸುತ್ತದೆ. ಬಗೆಯನ್ನು ಪತ್ತೆಹಚ್ಚಬೇಡವೆಂದು ಆಜ್ಞಾಪಿಸಿ, ಲಿಪಿಸಂಕೇತ ಯು.ಟಿ.ಎಫ್-8 ಎಂದು ಆರಿಸಿ, ಹೆಸರು ಮತ್ತು ಗುರುತುಸಂಖ್ಯೆಗಳ ಸ್ತಂಭಗಳನ್ನು ಪಠ್ಯವಾಗಿಯೇ ಉಳಿಸಬೇಕು. ಮೂಲ ಕಡತವನ್ನು ಮುಟ್ಟದೆ ಬೇರೆಯಾಗಿ ಇಟ್ಟಿರಬೇಕು. ಬಳಿಕ ಅದರಲ್ಲಿದ್ದ ಸಾಲುಗಳೆಷ್ಟು, ಹಾಳೆಗೆ ಬಂದ ಸಾಲುಗಳೆಷ್ಟು ಎಂದು ಎಣಿಸಿ ನೋಡಬೇಕು. ಎಕ್ಸೆಲ್‌ನ ಈಗಿನ ಹಾಳೆಗೂ 10,48,576 ಸಾಲುಗಳೇ ಮಿತಿ.