ಬ್ರೇಕ್ ಒತ್ತಿದರೆ ಗಾಡಿ ನಡುಗತ್ತಾ? ಅಳತೆ ಇಲ್ಲದೆ ಡಿಸ್ಕ್ ಬದಲಾಯಿಸಬೇಡಿ



ಇವತ್ತು ಬೆಳೆ ವಿಷಯ ಅಲ್ಲ, ಗಾಡಿ ವಿಷಯ. ಸಿಂಗಾಪುರ, ಎಂ.ಎಸ್. ಪಾಳ್ಯ, ಯಲಹಂಕ ಕಡೆಯಿಂದ ಮಾರ್ಕೆಟ್ಟಿಗೆ ಮಾಲು ಹೊರುವ ನಮ್ಮ ಕಾರು, ಏಸ್, ಪಿಕಪ್‌ಗಳಿಗೆ ಒಂದು ಕಾಯಿಲೆ ಸಾಮಾನ್ಯ. ಬ್ರೇಕ್ ಒತ್ತಿದ ತಕ್ಷಣ ಸ್ಟೀರಿಂಗ್ ಗಡಗಡ ನಡುಗತ್ತೆ. ಗ್ಯಾರೇಜಿಗೆ ಹೋದರೆ ಚಕ್ರ ಬಿಚ್ಚೋಕೂ ಮುಂಚೆ ಉತ್ತರ ರೆಡಿ ಇರತ್ತೆ: "ಡಿಸ್ಕ್ ಬೆಂಡಾಗಿದೆ ಅಣ್ಣ, ಸೆಟ್ ಚೇಂಜ್ ಮಾಡ್ಬೇಕು." ನಾನು ಹೇಳೋದು ಇಷ್ಟೇ. ಅಳತೆ ಮಾಡದೆ ಈ ಮಾತು ಹೇಳುವವರಿಗೆ ಒಂದು ರೂಪಾಯಿನೂ ಬಿಚ್ಚಬೇಡಿ.

ಹಸು ಮೇವು ಬಿಟ್ಟರೆ ಡಾಕ್ಟರು ಮೊದಲು ಜ್ವರ ನೋಡ್ತಾರೆ. ಗೊಬ್ಬರ ಹಾಕೋ ಮುಂಚೆ ಜಿ.ಕೆ.ವಿ.ಕೆ.ಗೆ ಮಣ್ಣು ಕೊಟ್ಟು ಪರೀಕ್ಷೆ ಮಾಡಿಸೋರು ನಮ್ಮಲ್ಲೇ ಇದ್ದಾರೆ. ಮಂಡಿಯಲ್ಲಿ ತೂಕದ ಮುಳ್ಳು ಕಣ್ಣಾರೆ ನೋಡದೆ ಮೂಟೆ ಬಿಡಲ್ಲ. ಪ್ರಾಣ ಕಾಯೋ ಬ್ರೇಕಿಗೆ ಮಾತ್ರ ಬಾಯಿಮಾತು ಸಾಕಾ?

ಮೊದಲು ಕಾಯಿಲೆ ಎಲ್ಲಿದೆ ಅಂತ ನಾವೇ ಅರ್ಧ ಪತ್ತೆ ಮಾಡಬಹುದು. ಬ್ರೇಕ್ ಮುಟ್ಟದೇ ಇದ್ದಾಗಲೂ 80ರ ಆಸುಪಾಸಿನಲ್ಲಿ ನಡುಗಿದರೆ ಅದು ಹೆಚ್ಚಾಗಿ ವೀಲ್ ಬ್ಯಾಲೆನ್ಸ್ ಅಥವಾ ಟೈರಿನ ದೋಷ. ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ಅಲ್ಲಾಡಿದರೆ ಮುಂದಿನ ಡಿಸ್ಕ್ ಕಡೆ ನೋಡಬೇಕು. ಸ್ಟೀರಿಂಗ್ ಸುಮ್ಮನಿದ್ದು ಸೀಟು, ಪೆಡಲ್ ಅದುರಿದರೆ ಹಿಂದಿನ ಡ್ರಮ್ ಮೇಲೆ ಅನುಮಾನ. ಹಿಂದೆ ಮುಂದೆ ಯಾರೂ ಇಲ್ಲದ ನೇರವಾದ ಒಣ ರಸ್ತೆಯಲ್ಲಿ, 30ರ ವೇಗದಲ್ಲಿ, ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದೇ ಮೆಲ್ಲಗೆ ಎಳೆಯಿರಿ. ಆಗಲೂ ನಡುಗಿದರೆ ಹಿಂದಿನ ಡ್ರಮ್ ದುಂಡಗೆ ಉಳಿದಿಲ್ಲ ಅಂತ ಅರ್ಥ. ಇನ್ನೊಂದು, ಎ.ಬಿ.ಎಸ್. ಇರೋ ಗಾಡಿಯಲ್ಲಿ ಜೋರಾಗಿ ಬ್ರೇಕ್ ಹೊಡೆದಾಗ ಪೆಡಲ್ ಟಕಟಕ ಅನ್ನೋದು ಕಾಯಿಲೆ ಅಲ್ಲ, ಅದರ ಕೆಲಸವೇ ಅದು.

ಈಗ "ಬೆಂಡ್" ಅನ್ನೋ ಮಾತಿಗೆ ಬರೋಣ. ಡಿಸ್ಕ್ ಎರಕದ ಕಬ್ಬಿಣದ್ದು. ಬಿಸಿಗೆ ಹಪ್ಪಳದ ಹಾಗೆ ಸೊಟ್ಟಗಾಗೋದು ಅಪರೂಪ. ಹೆಚ್ಚಾಗಿ ಆಗೋದು ಬೇರೆ. ಡಿಸ್ಕ್ ಕೂರುವ ಹಬ್ ಮುಖದ ಮೇಲೆ ತುಕ್ಕು, ಮಣ್ಣು ಉಳಿದಿದ್ದರೆ ಹೊಸ ಡಿಸ್ಕೂ ಕೂದಲೆಳೆಯಷ್ಟು ಓರೆಯಾಗಿ ಕೂರತ್ತೆ. ಪ್ರತಿ ಸುತ್ತಿಗೂ ಅದೇ ಜಾಗ ಪ್ಯಾಡಿಗೆ ಸವರಿಕೊಂಡು ಹೋಗತ್ತೆ. ಕೆಲವು ಸಾವಿರ ಕಿಲೋಮೀಟರ್ ಆಗೋ ಹೊತ್ತಿಗೆ ಡಿಸ್ಕಿನ ದಪ್ಪ ಒಂದೊಂದು ಕಡೆ ಒಂದೊಂದು ಥರ. 0.02 ಮಿಲಿಮೀಟರ್ ವ್ಯತ್ಯಾಸ ಬಂದರೂ ಕೈಗೆ ನಡುಕ ತಿಳಿಯತ್ತೆ. ಅದು ಕಣ್ಣಿಗೆ ಕಾಣೋ ಅಳತೆಯೇ ಅಲ್ಲ. ಹಾಗಿರುವಾಗ ನಿಂತಲ್ಲೇ ಹೇಳೋರು ಏನು ನೋಡಿ ಹೇಳ್ತಾರೆ?

ನಮ್ಮ ಷಡ್ಡಕನ ಕಾರಿಗೆ ಒಂದೇ ವರ್ಷದಲ್ಲಿ ಎರಡು ಸಲ ಡಿಸ್ಕ್ ಹಾಕಿದರು. ಎರಡು ಸಲವೂ ಮೂರು ನಾಲ್ಕು ತಿಂಗಳು ಚೆನ್ನಾಗಿತ್ತು, ಆಮೇಲೆ ಅದೇ ನಡುಕ. ಮೂರನೇ ಸಲ ಬೇರೆ ಮೇಸ್ತ್ರಿ ಹತ್ತಿರ ಹೋದಾಗ ಆತ ಮೊದಲು ಡಯಲ್ ಗೇಜ್ ಇಟ್ಟು ಚಕ್ರ ತಿರುಗಿಸಿದ. ಡಿಸ್ಕ್ ಬಿಚ್ಚಿದಾಗ ಹಬ್ ಮೇಲೆ ತುಕ್ಕಿನ ಹಕ್ಕಳೆ. ಅದನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ಸಪಾಟು ಮಾಡಿ, ಸವೆದ ಡಿಸ್ಕ್ ಜೋಡಿಯನ್ನು ಹೊಸದು ಮಾಡಿದ. ಮತ್ತೆ ನಡುಕ ಬಂದಿಲ್ಲ. ಮೊದಲೆರಡು ಸಲ ಕೊಟ್ಟ ದುಡ್ಡು ನೀರಿನಲ್ಲಿ ಹೋಮ.

ಲೇತ್‌ನಲ್ಲಿ ತಿರುಗಿಸಿದರೆ ಸಾಕು ಅನ್ನೋರಿಗೂ ಒಂದು ಮಾತು. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಕೆತ್ತಿರತ್ತೆ. ಅದಕ್ಕಿಂತ ತೆಳುವಾದರೆ ಬೇಗ ಕಾಯತ್ತೆ, ಬಿರುಕು ಬಿಡಬಹುದು. ಆ ಮಿತಿ ನೋಡದೆ ತಿರುಗಿಸೋದು ರಿಪೇರಿ ಅಲ್ಲ, ಅಪಾಯ.

ಮೇಸ್ತ್ರಿಗಳ ಕಡೆಯ ನ್ಯಾಯವನ್ನೂ ಹೇಳಬೇಕು. "ಪರೀಕ್ಷೆಗೆ ಕೂಲಿ ಕೇಳಿದರೆ ಯಾರೂ ಕೊಡಲ್ಲ, ಸಾಮಾನು ಹಾಕಿದರೆ ಮಾತ್ರ ಕೊಡ್ತಾರೆ" ಅಂತಾರೆ. ನಿಜ. ಹಾಗಾದರೆ ಪರೀಕ್ಷೆಗೇ ಕೂಲಿ ಕೊಡೋಣ. ಒಂದು ಗಂಟೆ ಅಳತೆಯ ಕೂಲಿ, ಬೇಡದ ಒಂದು ಸೆಟ್ ಡಿಸ್ಕಿಗಿಂತ ಕಡಿಮೆಯೇ. ಕೂಲಿ ಕೊಟ್ಟ ಮೇಲೆ ಕೇಳೋ ಹಕ್ಕು ನಮ್ಮದು.

ಏನು ಕೇಳಬೇಕು?

1. ಡಯಲ್ ಗೇಜಿನಲ್ಲಿ ಓರೆ ಎಷ್ಟು ಬಂತು? ಸಾಮಾನ್ಯವಾಗಿ 0.05ರಿಂದ 0.1 ಮಿ.ಮೀ. ಒಳಗಿರಬೇಕು. ನಿಮ್ಮ ಗಾಡಿಯ ಮಿತಿ ಕಂಪನಿಯ ಸರ್ವೀಸ್ ಪುಸ್ತಕದಲ್ಲಿರತ್ತೆ.
2. ಮೈಕ್ರೋಮೀಟರ್ ಇಟ್ಟು ಡಿಸ್ಕಿನ ಸುತ್ತ ಏಳೆಂಟು ಕಡೆ ದಪ್ಪ ನೋಡಿದಿರಾ?
3. ಹಬ್ ಮುಖ ಉಜ್ಜಿದಿರಾ? ಬೇರಿಂಗ್, ಬಾಲ್ ಜಾಯಿಂಟ್ ಆಟ ನೋಡಿದಿರಾ?
4. ಕ್ಯಾಲಿಪರ್ ಪಿನ್ನುಗಳು ಸಲೀಸಾಗಿ ಜಾರುತ್ತವಾ? ಹಿಡಿದುಕೊಂಡಿದ್ದರೆ ಒಂದು ಕಡೆಯ ಪ್ಯಾಡ್ ಬೇಗ ಸವೆಯತ್ತೆ.
5. ವೀಲ್ ನಟ್ಟುಗಳನ್ನು ಗಾಳಿ ಗನ್ನಿನಲ್ಲಿ ಬಡಿದು ಬಿಟ್ಟಿರಾ, ಇಲ್ಲಾ ಎದುರುಬದುರು ಕ್ರಮದಲ್ಲಿ ಟಾರ್ಕ್ ಪಾನಾ ಹಾಕಿ ಬಿಗಿ ಮಾಡಿದಿರಾ?
6. ಬಿಚ್ಚಿದ ಹಳೇ ಸಾಮಾನು ನನ್ನ ಕೈಗೆ ಕೊಡಿ.

ಹೊಸ ಡಿಸ್ಕು, ಪ್ಯಾಡು ಹಾಕಿಸಿದ ಮೇಲೆ ನಮ್ಮ ಕೆಲಸವೂ ಇದೆ. ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ ಹದವಾಗಿ ಇಳಿಸೋದನ್ನು ಎಂಟು ಹತ್ತು ಸಲ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಆಮೇಲೆ ಸ್ವಲ್ಪ ದೂರ ಬ್ರೇಕ್ ಮುಟ್ಟದೆ ಓಡಿಸಿ ಆರಲು ಬಿಡಿ. ನಂದಿ ಬೆಟ್ಟ ಇಳಿಯುವಾಗ ಕಾಲು ಬ್ರೇಕಿನ ಮೇಲೇ ಇಡದೆ ಗೇರ್ ಇಳಿಸಿ ಬನ್ನಿ. ಕಾದ ಚಕ್ರಕ್ಕೆ ಬೋರ್‌ವೆಲ್ ಪೈಪ್ ಹಿಡಿಯಬೇಡಿ.

ನಡುಕದ ಜೊತೆ ಗಾಡಿ ಒಂದು ಕಡೆ ಎಳೆದರೆ, ಪೆಡಲ್ ಒಳಕ್ಕೆ ಇಳಿದರೆ, ಕರ್ ಅಂತ ಕಬ್ಬಿಣ ಉಜ್ಜುವ ಸದ್ದು ಬಂದರೆ ಆ ದಿನ ಮಾರ್ಕೆಟ್ ಬೇಡ. ಒಂದು ದಿನದ ಸೊಪ್ಪು ಬಾಡಿದರೆ ನಷ್ಟ ಸಾವಿರದ ಲೆಕ್ಕದಲ್ಲಿ ಮುಗಿಯತ್ತೆ. ತುಂಬಿದ ಗಾಡಿ ಹೆಬ್ಬಾಳ ಫ್ಲೈಓವರ್ ಇಳಿಯುವಾಗ ಬ್ರೇಕ್ ಕೈಕೊಟ್ಟರೆ ಮುಂದಿರೋದು ಯಾರದೋ ಮಕ್ಕಳ ಸ್ಕೂಟರ್.

ಈ ಆರು ಪ್ರಶ್ನೆ ಚೀಟಿಯಲ್ಲಿ ಬರೆದು ಗಾಡಿ ಪೇಪರ್ ಜೊತೆ ಇಟ್ಟುಕೊಳ್ಳಿ. ಉತ್ತರ ಕೊಡೋ ಮೇಸ್ತ್ರಿ ಸಿಕ್ಕರೆ ಬಿಡಬೇಡಿ, ಕೇಳಿದಷ್ಟು ಕೂಲಿ ಕೊಡಿ.